ಏಳನೇ ಭಾಗ

ಗಲಗಲಿ ಕಾಕಾನ ಬಾಡಿಗಿ ಪುಸ್ತಕದ ಅಂಗಡ್ಯಾಗ
'ಕರಿನೀಲಿ ಕೋಟಿ' ಒಂದರಿಂದ ಆರು,
ಆಮ್ಯಾಲ ಎಂಟು, ಒಂಬತ್ತು.
ಏಳನ್ನ ಒಯ್ದವರು ಯಾರೋ, ತಿರುಗಿ ತಂದಿರಲಿಲ್ಲ.
ಬರದವರ ಹೆಸರಿನ ಹಾಳಿ ಎಲ್ಲಾದರಾಗೂ ಹರದಿತ್ತು.
ದಿನಕ್ಕ ನಾಕಾಣೆ. ಎಣ್ಣಿ ಕಲಿ ಬಿದ್ದರ ದಂಡ ಬ್ಯಾರೆ.

ಮೆಹಜಬೀನ ಓದೂದು ಜೋರು, ನಾ ನಿಧಾನ.
ಕಡೀ ಸಾಲಿನ ಮ್ಯಾಲ ಬೆರಳಿಟ್ಟು
ನನ್ನ ಕಣ್ಣು ಅಲ್ಲಿಗೆ ಬರೂತನಕ ಕಾಯ್ತಿದ್ದಳು,
ಬಸ್ಸು ಹಿಡಿದು ನಿಲ್ಲಿಸಿದವರಂಗ.

ಕತಿಯೊಳಗಿನ ಊರಿಗೆ ನಕಾಶಿ ಇರಲಿಲ್ಲ.
ಅದಕ್ಕ ನಮ್ಮೂರನ್ನ ಕೊಟ್ಟಿವಿ.
ಗಣಿತದ ನೋಟಬುಕ್ಕಿನ ಕಡೀ ಪುಟದಾಗ
ಬಾರಾ ಕಮಾನು: ಚಾವಣಿ ಇಲ್ಲದ ದರ್ಬಾರು,
ನೆರಳು ಕಳಕೊಂಡ ರಾಣಿ ಕೂಡೂದು ಅಲ್ಲಿ.
ಉಪ್ಪಲಿ ಬುರುಜು:
ಗಾಳಿಯ ಲೆಕ್ಕ ಬರಿಯೂ ಕಾರಕೂನನ ಕಚೇರಿ.
ಆನಿ ನುಂಗಾಕತ್ತಿದ ಬಾಯಿ ಹಂಗ ತೆರಕೊಂಡು
ಮಲಗಿದ ಮೃಗ ಮಲಿಕ್-ಎ-ಮೈದಾನ;
ಅದಕ್ಕೇನೂ ಹೊಸಾದು ಕಟ್ಟಬೇಕಾಗಲಿಲ್ಲ.

ಏಳನೇ ಭಾಗ ಮಾತ್ರ ನಾವ ಕಟ್ಟಿವಿ.
ಸಾಲಿ ಸೂಟಿ ಒಂದು ಬ್ಯಾಸಗಿ ಪೂರಾ,
ತಾಜ್ ಬಾವಡಿಯ ಮೆಟ್ಟಿಲ ಮ್ಯಾಲ ಕುಂತು,
ಆಕಿ ಹೇಳೂದು, ನಾ ತಕರಾರು ತಗಿಯೂದು.

ಇಪ್ಪತ್ತಾರು ವರ್ಷ ಆತು.
ಈಗ ನಾ ಭೂಮಾಪನ ಕಚೇರ್ಯಾಗ
ಮಂದಿ ಹೊಲದ ಗಡಿ ತಿದ್ದತೀನಿ.
ಆಕಿ ಸೋಲಾಪುರದಿಂದ ಮುಂಜಾನಿ ಬಸ್ಸಿಗೆ ಬಂದಳು,
ವ್ಯಾನಿಟಿ ಬ್ಯಾಗಿನಾಗ, ರೇಶನ್ ಕಾರ್ಡಿನ ಕವರಿನಾಗ,
ಆ ಪುಟ.

"ಅಳತಿ ಪೂರಾ ತಪ್ಪೈತಿ" ಅಂದೆ.
"ಬಾವಡಿ ಇಷ್ಟು ಸನಿ ಎಲ್ಲೈತಿ?"
"ನಿನ್ನ ಸರಕಾರ ತಪ್ಪು" ಅಂದಳು,
ಆಟೋದವಗ ಕೈ ಮಾಡಿದಳು.

ತೋಪಿಗೆ ಈಗ ಕಟಾಂಜನ, ಕಾವಲುಗಾರ.
ಉರಿ ಬಿಸಿಲಾಗೂ ತಣ್ಣಗಿರತೈತಿ ಅಂತ
ಗಲ್ಲ ಹಚ್ಚಿ ನೋಡತಿದ್ದಿವಿ ಆವಾಗ;
ಈ ಸಲ ನೆಳ್ಳಷ್ಟ ಹಚ್ಚಿ ಬಂದಿವಿ.
ಕಾರಕೂನನ ಕಚೇರಿ ಮೆಟ್ಟಲಾ ಎಣಿಸಿದಿವಿ,
ಆಕಿಗೊಂದು ಲೆಕ್ಕ, ನನಗೊಂದು.
ಬಾರಾ ಕಮಾನಿನಾಗ ರಾಣಿ ಕೂಡೂ ಜಾಗಾದಾಗ
ಹೊಸಾ ಮದಮಕ್ಕಳ ಫೋಟೋ ತಗೀತಿದ್ದರು,
"ಗಲ್ಲ ಎತ್ತರಿ ಅಕ್ಕಾ, ನೆಳ್ಳು ಬೀಳತೈತಿ."
ಮೆಹಜಬೀನ ನಕ್ಕಿದ್ದು ನೋಡಿ
ಅವರು ತಮಗ ನಕ್ಕರು ಅಂತ ತಿಳಕೊಂಡರು.

ಗೋಳಗುಮ್ಮಟ ಕಡೀಕ ಇಟ್ಟಿದ್ದಿವಿ.
ಮುಂಜಾನಿ ಆರಕ್ಕ ಹೋಗಬೇಕು ಅದಕ್ಕ,
ಎಲ್ಲಾರಿಗೂ ಗೊತ್ತು, ನಮಗೂ ಗೊತ್ತಿತ್ತು.
ಹ್ವಾದದ್ದು ಹನ್ನೊಂದಕ್ಕ.
ಆಕಿ ಮಣಕಾಲು ಮೂರನೇ ಅಂತಸ್ತಿಗೆ ನಿಂತಿತು,
ಐದಕ್ಕ ನಿಂತಿತು, ನಾನೂ ನಿಂತೆ,
ಇಂಡಿ ಕಡೆ ಸಾಲಿಯ ಹುಡುಗೂರು
ನಮ್ಮ ಮಗ್ಗಲದಾಗ ನೀರಿನಂಗ ಮ್ಯಾಲೇರಿದರು.

"ನೀ ಆ ಕಡೆ ಹೋಗು" ಅಂದಳು.
ಗುಮ್ಮಟದ ಅರ್ಧ ಸುತ್ತಿ
ಗ್ವಾಡಿಗೆ ಕಿವಿ ಹಚ್ಚಿದೆ.
ಅಷ್ಟು ದೂರದಾಗ ಆಕಿ
ಕರಿ ಬುರಖಾದ ಒಂದು ಚುಕ್ಕಿ, ಬೆನ್ನು ಈ ಕಡೆ.
ಆದರ ದನಿ ಕಿವ್ಯಾಗ:

"ಏಳನೇ ಭಾಗ ನನಗ ಸಿಕ್ಕಿತ್ತು.
ಲಗ್ನದ ಮರುವರ್ಷ, ರದ್ದಿ ಅಂಗಡ್ಯಾಗ.
ಓದಿದೆ. ನಿನಗ ಹೇಳಲಿಲ್ಲ.
ಅದರಾಗ ಕಾರಕೂನ ಕಡೀಕ ರಾಣಿಗೆ—"

ಒಬ್ಬ ಹುಡುಗ ಶಿಳ್ಳಿ ಹೊಡದ.
ಅದು ಒಂದು, ಎರಡು, ಮೂರು ಆತು.
ನಾ ಎಣಿಸಿದೆ. ಎಣಿಸೂದು ನನ್ನ ಚಟ.
ಏಳನೇದರ ಹೊತ್ತಿಗೆ ಗುಮ್ಮಟ ಪೂರಾ
ಶಿಳ್ಳೀಲೆ ತುಂಬಿತ್ತು, ಮಾಸ್ತರ ಬೈಗಳೂ ಕೂಡಿ.
ಆ ಕಡೆ ಚುಕ್ಕಿ ಇನ್ನಾ ಗ್ವಾಡಿಗೆ ಹತ್ತಿ
ಬಾಯಿ ಆಡಿಸಾಕತ್ತಿತ್ತು.

ಇಳಿಯೂಮುಂದ ಕೇಳಿದಳು, "ಕೇಳಿಸ್ತೇನು?"
"ಹೂಂ" ಅಂದೆ.
"ಸಿಟ್ಟು ಬಂತೇನು?"
"ನಮ್ಮದು ಛಲೋ ಇತ್ತೋ, ಅದು ಛಲೋ ಇತ್ತೋ?"
ಎರಡು ಮೆಟ್ಟಲಾ ಸುಮ್ಮನ ಇಳದಳು,
ಗ್ವಾಡಿ ಹಿಡಕೊಂಡು.
"ಅದರಾಗ ಬಾವಡಿ ಇರಲಿಲ್ಲ ನೋಡು" ಅಂದಳು.

ಹೊರಗ ಬೇವಿನ ಗಿಡದ ಬುಡಕ
ಮಿರ್ಚಿ ಭಜಿ ತಿಂದಿವಿ.
ಆಕಿ ನಕಾಶಿ ಬಿಚ್ಚಿದಳು, ಎಣ್ಣಿ ಬೆರಳಲೆ.
ಸರಿಯಾಗಿ ಬಾವಡಿ ಮ್ಯಾಲ ಕಲಿ ಬಿತ್ತು.
ದಂಡ ಕೊಡಾಕ ಕಾಕಾ ಇರಲಿಲ್ಲ,
ಅಂಗಡಿ ಜಾಗಾದಾಗ ಮೊಬೈಲ್ ರಿಪೇರಿ.
ಸೋಲಾಪುರದ ಬಸ್ಸು ನಾಕೂವರಿಗೆ.